ನೇಪರ್‌ವಿಲ್‌ನ ಹಳೇ ಪೇಟೆಯಲ್ಲಿ ಮನೆ ಮಾಡುವ ಮುನ್ನ

ಷಿಕಾಗೋ ಸುತ್ತಮುತ್ತ ನೆಲೆಸುವ ನಮ್ಮವರಿಗೆ ನೇಪರ್‌ವಿಲ್ ಅಂದರೆ ಊರಿನ ದಕ್ಷಿಣಕ್ಕೂ ಪಶ್ಚಿಮಕ್ಕೂ ಇರುವ ಹೊಸ ಬಡಾವಣೆಗಳು. ಮೂರು ಕಾರು ಹಿಡಿಸುವ ಗರಾಜು, ಎತ್ತರದ ಸೂರು, ಎಡಕ್ಕೆ ತೆಲುಗರು, ಬಲಕ್ಕೆ ತಮಿಳರು. ಈ ಬರಹ ಅಲ್ಲಿಗೆ ಹೋಗುವವರಿಗಲ್ಲ. ಶನಿವಾರ ಸಂಜೆ ಡೌನ್‌ಟೌನಿಗೆ ಐಸ್‌ಕ್ರೀಮು ತಿನ್ನಲು ಬಂದು, ಪೂರ್ವಕ್ಕೆ ನಾಲ್ಕು ಬೀದಿ ನಡೆದು, ದೊಡ್ಡ ಮರಗಳ ಕೆಳಗಿನ ಮರದ ಮನೆಗಳ ಜಗಲಿ ನೋಡಿ "ಅಯ್ಯೋ, ನಮ್ಮಜ್ಜಿ ಮನೆ ಇದ್ದ ಹಾಗಿದೆ" ಎಂದು ಅಲ್ಲೇ ಮನಸ್ಸು ಕೊಟ್ಟುಬಿಟ್ಟವರಿಗೆ. ಅಜ್ಜಿ ಮನೆಯ ಸೂರು ಸೋರುತ್ತಿತ್ತು ಅನ್ನುವುದು ಆ ಹೊತ್ತಿಗೆ ಯಾರಿಗೂ ನೆನಪಾಗುವುದಿಲ್ಲ.

1831ರಲ್ಲಿ ಜೋಸೆಫ್ ನೇಪರ್ ಡುಪೇಜ್ ನದಿಯ ದಂಡೆಯಲ್ಲಿ ಕಟ್ಟಿದ ಊರು ಇದು. ನಾರ್ತ್ ಸೆಂಟ್ರಲ್ ಕಾಲೇಜು 1870ರಲ್ಲಿ ಇಲ್ಲಿಗೆ ಬಂತು. ಅದರ ಸುತ್ತಲಿನ ಮನೆಗಳೇ ಇವತ್ತಿನ ಐತಿಹಾಸಿಕ ವಲಯ. ಈ ವಲಯ 1977ರಲ್ಲಿ ಅಮೆರಿಕದ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಸೇರಿತು, 1986ರಲ್ಲಿ ನಗರವೇ ತನ್ನ ಕಾನೂನಿನಡಿ ತಂದುಕೊಂಡಿತು. ಈ ಎರಡನ್ನು ಒಂದೇ ಅಂದುಕೊಳ್ಳುವುದೇ ನಾವು ಮಾಡುವ ಮೊದಲ ತಪ್ಪು. ರಾಷ್ಟ್ರೀಯ ಪಟ್ಟಿ ಬರೀ ಮರ್ಯಾದೆ. ಸ್ವಂತ ದುಡ್ಡಿನಲ್ಲಿ ಮನೆ ರಿಪೇರಿ ಮಾಡಿಸುವವರ ಕೈಯನ್ನು ಅದು ಕಟ್ಟುವುದಿಲ್ಲ. ಕೈ ಕಟ್ಟುವುದು ನಗರದ ಕಾನೂನು. ಬೀದಿಗೆ ಕಾಣುವ ಕಿಟಕಿ, ಬಾಗಿಲು, ಜಗಲಿ, ಸೂರಿನ ಆಕಾರ ಇವುಗಳಿಗೆ ಕೈ ಹಾಕುವ ಮುಂಚೆ ಸರ್ಟಿಫಿಕೇಟ್ ಆಫ್ ಅಪ್ರೋಪ್ರಿಯೇಟ್‌ನೆಸ್, ಅಂದರೆ ಈ ಬದಲಾವಣೆ ವಲಯಕ್ಕೆ ಹೊಂದುತ್ತದೆಂಬ ಒಪ್ಪಿಗೆ ಪತ್ರ, ಬೇಕೇ ಎಂದು ನಗರದ ಕಚೇರಿಯಲ್ಲಿ ಕೇಳಬೇಕು. ಸಣ್ಣ ಕೆಲಸವಾದರೆ ಕಚೇರಿಯ ಸಿಬ್ಬಂದಿಯೇ ಒಪ್ಪಿಗೆ ಕೊಡುತ್ತಾರೆ, ದೊಡ್ಡದಾದರೆ ಸಂರಕ್ಷಣಾ ಆಯೋಗದ ಸಭೆಗೆ ಹೋಗುತ್ತದೆ. ಕಟ್ಟಡದ ಪರ್ಮಿಟ್ ಬೇರೆಯೇ. ಒಂದು ಸಿಕ್ಕಿತೆಂದರೆ ಇನ್ನೊಂದೂ ಸಿಕ್ಕಿತೆಂದಲ್ಲ.

ಒಳಗಡೆ ನಿಮ್ಮ ರಾಜ್ಯ. ಅಡುಗೆಮನೆಯನ್ನು ಬುಡಸಮೇತ ಕಿತ್ತು ಹೊಸದು ಮಾಡಿಸಿದರೂ ಆಯೋಗ ಕೇಳುವುದಿಲ್ಲ. ಆದರೂ ನಮ್ಮವರು ಮೊದಲು ಕೈಹಾಕುವುದು ಕಿಟಕಿಗೇ. ಚಳಿಗಾಲ ಬಂತು, ಗಾಳಿ ಸುಯ್ಯನೆ ಒಳಗೆ ಬಂತು, ಸೇಲ್‌ನಲ್ಲಿ ವಿನೈಲ್ ಕಿಟಕಿ ಸಿಕ್ಕಿತು, ಹನ್ನೆರಡಕ್ಕೂ ಮುಂಗಡ ಕೊಟ್ಟಾಯಿತು. ಆಮೇಲೆ ಅನುಮತಿ ಕೇಳಿದರೆ ಆ ಕಿಟಕಿಗಳು ಗರಾಜಿನಲ್ಲೇ ಕೂರುತ್ತವೆ. ಅಳತೆ ಕೊಟ್ಟು ಮಾಡಿಸಿದ ಮಾಲನ್ನು ಅಂಗಡಿಯವರು ವಾಪಸು ತೆಗೆದುಕೊಳ್ಳುವುದಿಲ್ಲ.

ಹಳೇ ಕಿಟಕಿ ರಿಪೇರಿಯಾಗುವ ವಸ್ತು. ಅದರ ಎರಡೂ ಪಕ್ಕದ ಚೌಕಟ್ಟಿನ ಒಳಗೆ ಎರಕದ ಕಬ್ಬಿಣದ ಉದ್ದುದ್ದ ಗುಂಡುಗಳು ನೇತಾಡುತ್ತಿರುತ್ತವೆ. ಬಾವಿಯ ರಾಟೆಯ ಹಾಗೇ ಮೇಲೊಂದು ರಾಟೆ, ಅದರ ಮೇಲೆ ಹತ್ತಿಯ ಹಗ್ಗ, ಹಗ್ಗದ ಆ ತುದಿಗೆ ಕಿಟಕಿ. ಎರಡು ಗುಂಡುಗಳ ತೂಕ ಸೇರಿದರೆ ಹೆಚ್ಚು ಕಡಿಮೆ ಕಿಟಕಿಯ ಬಾಗಿಲಿನ ತೂಕ, ಅದಕ್ಕೇ ಎತ್ತಿದಲ್ಲಿ ನಿಲ್ಲುತ್ತದೆ. ಹಗ್ಗ ಹರಿದಿದ್ದರೆ ಎತ್ತಿದ ಕಿಟಕಿ ದಬ್ಬನೆ ಬೀಳುತ್ತದೆ, ಮಕ್ಕಳ ಬೆರಳಿದ್ದರೆ ಮುಗಿಯಿತು. ಸರಿ ಮಾಡುವುದು ಹೀಗೆ: ಒಳಪಟ್ಟಿಯ ಮೇಲಿನ ಬಣ್ಣದ ಪದರವನ್ನು ಬ್ಲೇಡಿನಿಂದ ಸೀಳಿ ಪಟ್ಟಿ ಬಿಡಿಸಿ, ಕೆಳಗಿನ ಬಾಗಿಲನ್ನು ಹೊರಗೆ ತೆಗೆಯಿರಿ. ಚೌಕಟ್ಟಿನ ಬುಡದಲ್ಲಿ ಒಂದು ಸ್ಕ್ರೂ ಹಾಕಿದ ಮರದ ಮುಚ್ಚಳ ಇರುತ್ತದೆ, ಹಲವು ಪದರ ಬಣ್ಣದಡಿ ಮುಚ್ಚಿಹೋಗಿರುವುದೂ ಉಂಟು. ಅದನ್ನು ತೆಗೆದರೆ ಗುಂಡು ಕೈಗೆ ಸಿಗುತ್ತದೆ. ಹೆಣೆದ ಹತ್ತಿ ಹಗ್ಗವನ್ನು ರಾಟೆಯ ಮೇಲಿಂದ ಇಳಿಬಿಟ್ಟು ಗುಂಡಿಗೆ ಕಟ್ಟಿ, ಇನ್ನೊಂದು ತುದಿಗೆ ಗಂಟು ಹಾಕಿ ಬಾಗಿಲಿನ ಪಕ್ಕದ ತೂತಿನಲ್ಲಿ ಕೂರಿಸಿ. ಹಗ್ಗ ಉದ್ದವಾದರೆ ಕಿಟಕಿ ಪೂರ್ತಿ ಏರುವ ಮುಂಚೆಯೇ ಗುಂಡು ಕೆಳಗೆ ನೆಲ ಮುಟ್ಟುತ್ತದೆ, ಆಗ ಕಿಟಕಿ ಮೇಲೆ ನಿಲ್ಲುವುದಿಲ್ಲ. ಇಷ್ಟಕ್ಕೂ ಹೊರಗಡೆ ಒಂದು ಸ್ಟಾರ್ಮ್ ವಿಂಡೋ, ಅಂದರೆ ಎರಡನೇ ಪದರದ ಕಿಟಕಿ, ಹಾಕಿಸಿದರೆ ಚಳಿಯ ದೂರು ಬಹುಪಾಲು ತೀರುತ್ತದೆ.

ಆ ಬಣ್ಣದ ವಿಷಯಕ್ಕೆ ಮಾತ್ರ ತಮಾಷೆ ಬೇಡ. 1978ಕ್ಕಿಂತ ಮುಂಚಿನ ಮನೆಯಲ್ಲಿ ಬಣ್ಣದಲ್ಲಿ ಸೀಸ ಇದೆಯೆಂದೇ ತಿಳಿಯಬೇಕು. ಒಣಗಿದ ಬಣ್ಣವನ್ನು ಮರಳು ಕಾಗದದಿಂದ ಉಜ್ಜಬೇಡಿ. ನೀರು ಚಿಮುಕಿಸಿ ಕೆರೆಯಿರಿ, ಕೆಳಗೆ ಪ್ಲಾಸ್ಟಿಕ್ ಹಾಸಿ, ಸಣ್ಣ ಧೂಳನ್ನೂ ಹಿಡಿಯುವ ಹೆಪಾ ಫಿಲ್ಟರಿನ ವ್ಯಾಕ್ಯೂಮ್ ಬಳಸಿ, ಅಂಬೆಗಾಲಿಡುವ ಮಗು ಮನೆಯಲ್ಲಿದ್ದರೆ ಸೀಸದ ಕೆಲಸಕ್ಕೆ ಸರ್ಟಿಫಿಕೇಟ್ ಇರುವ ಕಂಟ್ರಾಕ್ಟರನ್ನೇ ಕರೆಸಿ. ನೀರಿನ ಪೈಪನ್ನೂ ನೋಡಿ. ಬೇಸ್‌ಮೆಂಟಿನಲ್ಲಿ ಮೀಟರಿಗೆ ಬರುವ ಪೈಪನ್ನು ನಾಣ್ಯದಿಂದ ಗೀರಿ: ಬೆಳ್ಳಿಯ ಹಾಗೆ ಹೊಳೆದು, ಅಯಸ್ಕಾಂತ ಅಂಟದಿದ್ದರೆ ಅದು ಸೀಸ. ಅಂಟಿದರೆ ಕಬ್ಬಿಣ. ತಾಮ್ರದ ಬಣ್ಣ ಕಂಡರೆ ಬದುಕಿದಿರಿ.

ಇನ್ನು ಒಗ್ಗರಣೆ. ಹಳೇ ಮನೆಗಳ ಅಡುಗೆಮನೆಯಲ್ಲಿ ಹೊಗೆ ಹೊರಹೋಗುವ ದಾರಿಯೇ ಇರುವುದಿಲ್ಲ. ಒಲೆಯ ಮೇಲಿನ ಮೈಕ್ರೋವೇವ್ ಫ್ಯಾನು ಹೊಗೆಯನ್ನು ಹೀರಿ, ಜಾಲರಿಯಲ್ಲಿ ಸೋಸಿ, ನಿಮ್ಮ ಮುಖಕ್ಕೇ ಬಿಡುತ್ತದೆ. ಬ್ಯಾಡಗಿ ಮೆಣಸಿನ ಘಾಟು ಹಳೇ ಗಾರೆಯ ಗೋಡೆಗೆ ಹತ್ತಿತೆಂದರೆ ಮನೆ ಮಾರುವ ದಿನವೂ ಅದು ಅಲ್ಲೇ ಇರುತ್ತದೆ. ಆದ್ದರಿಂದ ಅಡುಗೆಮನೆಯ ಗ್ರಾನೈಟಿಗೆ ದುಡ್ಡು ಹಾಕುವ ಮುಂಚೆ ಹೊಗೆ ಹೊರಗೆ ಹಾಕುವ ಹುಡ್ಡಿಗೆ ಹಾಕಿ. ಆರಿಂಚಿನ ಗಟ್ಟಿ ಲೋಹದ ಕೊಳವೆ, ಸುಕ್ಕುಸುಕ್ಕಿನ ಬಳುಕುವ ಕೊಳವೆ ಬೇಡ, ಸುಕ್ಕಿನಲ್ಲಿ ಜಿಡ್ಡು ಕೂರುತ್ತದೆ. ದಾರಿ ಆದಷ್ಟು ಗಿಡ್ಡವಾಗಿರಲಿ, ತಿರುವು ಒಂದೋ ಎರಡೋ. ಹಿಂಭಾಗದ ಗೋಡೆಯಿಂದ ಹೊರಬಿಡಿ. ಬೀದಿಗೆ ಕಾಣುವ ಗೋಡೆಯಾದರೆ ಮತ್ತೆ ಆಯೋಗದ ಮಾತು ಬರುತ್ತದೆ. ಕೊಳವೆಯನ್ನು ಅಟ್ಟದಲ್ಲೇ ಕೊನೆಗೊಳಿಸುವ ಕೆಲಸಗಾರರೂ ಇದ್ದಾರೆ, ಹತ್ತಿ ನೋಡದೆ ದುಡ್ಡು ಕೊಡಬೇಡಿ.

ಇಲ್ಲೇ ನಮ್ಮವರು ಇನ್ನೊಂದು ತಪ್ಪು ಮಾಡುತ್ತಾರೆ: ದೊಡ್ಡದೇ ಒಳ್ಳೆಯದೆಂದು 900 ಸಿಎಫ್‌ಎಂ (ನಿಮಿಷಕ್ಕೆ ಇಷ್ಟು ಘನ ಅಡಿ ಗಾಳಿ ಎಳೆಯುವ) ಫ್ಯಾನು ತರುತ್ತಾರೆ. 400 ದಾಟಿತೆಂದರೆ ಹೊರಹೋದ ಗಾಳಿಗೆ ಬದಲು ಒಳಗೆ ಗಾಳಿ ತರುವ ವ್ಯವಸ್ಥೆಯನ್ನು ಕಟ್ಟಡದ ಕೋಡ್ ಸಾಮಾನ್ಯವಾಗಿ ಕೇಳುತ್ತದೆ, ಕಾರಣವೂ ಇದೆ. ಬೇಸ್‌ಮೆಂಟಿನ ಹಳೇ ಗ್ಯಾಸ್ ವಾಟರ್ ಹೀಟರ್ ತನ್ನ ಹೊಗೆಯನ್ನು ಬರೀ ಬಿಸಿಯ ಬಲದಿಂದ ಚಿಮಣಿಗೆ ಏರಿಸುತ್ತದೆ. ಮೇಲೆ ಫ್ಯಾನು ಜೋರಾಗಿ ಎಳೆದರೆ ಅದೇ ಹೊಗೆ ತಿರುಗಿ ಮನೆಯೊಳಗೆ ಬರುತ್ತದೆ, ಅದರೊಂದಿಗೆ ಕಾರ್ಬನ್ ಮಾನಾಕ್ಸೈಡ್ ಎಂಬ ವಾಸನೆಯಿಲ್ಲದ ವಿಷಾನಿಲವೂ. ಪರೀಕ್ಷೆ ಸುಲಭ: ಕಿಟಕಿಗಳನ್ನೆಲ್ಲ ಮುಚ್ಚಿ, ಅಡುಗೆಮನೆ, ಬಚ್ಚಲುಮನೆ, ಬಟ್ಟೆ ಒಣಗಿಸುವ ಯಂತ್ರ ಎಲ್ಲವನ್ನೂ ಒಟ್ಟಿಗೆ ಚಾಲೂ ಮಾಡಿ. ಬಿಸಿನೀರು ಬಿಟ್ಟು ಹೀಟರ್ ಹೊತ್ತಿಕೊಂಡು ಐದು ನಿಮಿಷವಾದ ಮೇಲೆ ಅದರ ತಲೆಯ ಮೇಲಿನ ಸಂದಿಯ ಹತ್ತಿರ ಒಂದು ಊದುಬತ್ತಿ ಹಿಡಿಯಿರಿ. ಹೊಗೆ ಸಂದಿಯೊಳಗೆ ಹೋದರೆ ಸರಿ. ನಿಮ್ಮ ಕಡೆಗೆ ತಿರುಗಿದರೆ ಫ್ಯಾನು ಆರಿಸಿ, ಕಿಟಕಿ ತೆಗೆದು, ಹೀಟರಿನವರಿಗೆ ಫೋನು ಮಾಡಿ. ಮಲಗುವ ಕೋಣೆಗಳಿಂದ 15 ಅಡಿಯೊಳಗೆ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇರಬೇಕೆಂಬುದು ಇಲ್ಲಿನ ಇಲಿನಾಯ್ ರಾಜ್ಯದ ಕಾನೂನು. ದೇವರ ದೀಪಕ್ಕೆ ಕೂಗುತ್ತದೆಂದು ಅಲಾರಂಗಳ ಬ್ಯಾಟರಿ ತೆಗೆದಿಡುವ ಮನೆಗಳು ಬೇಕಾದಷ್ಟಿವೆ. ಮಂಗಳಾರತಿಯ ಜಾಗ ಬದಲಿಸಿ, ಬ್ಯಾಟರಿ ಮುಟ್ಟಬೇಡಿ.

ದೇವರ ಮಂಟಪ ಗೋಡೆಗೆ ಹಾಕುವಾಗ ಗಾರೆಯ ಹಿಂದೆ ತೆಳು ಮರದ ಪಟ್ಟಿಗಳಿರುವುದು ನೆನಪಿರಲಿ. ಗೋಡೆಯೊಳಗಿನ ಕಂಬ ಹುಡುಕುವ ಸ್ಟಡ್ ಫೈಂಡರ್ ಇಲ್ಲಿ ಸುಳ್ಳು ಹೇಳುತ್ತದೆ. ದಾರಕ್ಕೆ ಗಟ್ಟಿ ಅಯಸ್ಕಾಂತ ಕಟ್ಟಿ ಗೋಡೆಯ ಮೇಲೆ ಆಡಿಸಿದರೆ ಮೊಳೆಗಳ ಸಾಲು ಮೇಲಿಂದ ಕೆಳಗೆ ಸಿಗುತ್ತದೆ, ಆ ಸಾಲೇ ಕಂಬ. ಮೊಳೆ ಹೊಡೆಯದೆ ನಿಧಾನವಾಗಿ ಡ್ರಿಲ್ ಮಾಡಿ.

ಕರೆಂಟಿನದು ಲೆಕ್ಕದ ಮಾತು. 15 ಆಂಪ್ಸ್ ಲೈನು 120 ವೋಲ್ಟಿಗೆ 1800 ವ್ಯಾಟ್ ತಡೆಯುತ್ತದೆ. ಮೈಕ್ರೋವೇವೂ ಇನ್‌ಸ್ಟಂಟ್ ಪಾಟೂ ಒಂದೇ ಲೈನಿನಲ್ಲಿದ್ದರೆ ಅಲ್ಲಿಗೆ ಮುಗಿಯಿತು. ಹಳೇ ಫ್ಯೂಸ್ ಪೆಟ್ಟಿಗೆಯಿದ್ದರೆ 15ರ ಜಾಗಕ್ಕೆ 30ರದ್ದು ತಿರುಗಿಸಬೇಡಿ, ಫ್ಯೂಸಿನ ಬದಲು ಗೋಡೆಯೊಳಗಿನ ತಂತಿ ಕಾಯುತ್ತದೆ. ಪಿಂಗಾಣಿ ಗುಬ್ಬಿಗಳ ಮೇಲೆ ಎಳೆದ ಹಳೇ ತಂತಿ ಇನ್ನೂ ಜೀವಂತವಿದ್ದರೆ ವಿಮೆ ಕೊಡಲು ಹಲವು ಕಂಪನಿಗಳು ಒಪ್ಪುವುದಿಲ್ಲ. ಮನೆಯ ಬೆಲೆ ಮಾತಾಡುವಾಗಲೇ ಇದನ್ನು ಎತ್ತಿ. ಊರಿಂದ ತಂದ ಗ್ರೈಂಡರನ್ನು ಟ್ರಾನ್ಸ್‌ಫಾರ್ಮರ್ ಮೇಲೆ ಓಡಿಸಿದರೂ 50 ಹರ್ಟ್ಸಿನ ಮೋಟಾರು ಇಲ್ಲಿನ 60ರಲ್ಲಿ ಐದರಲ್ಲೊಂದು ಪಾಲು ಜಾಸ್ತಿ ತಿರುಗುತ್ತದೆ, ದೋಸೆ ಹಿಟ್ಟು ಬೆಚ್ಚಗಾಗುತ್ತದೆ. 110 ವೋಲ್ಟಿನದನ್ನೇ ಕೊಳ್ಳಿ.

ಮನೆ ಕೊಳ್ಳುವ ಮುಂಚೆ ಚರಂಡಿಯ ಕೊಳವೆಗೆ ಕ್ಯಾಮೆರಾ ಬಿಡಿಸಿ ನೋಡಿ, ಕೆಲವು ನೂರು ಡಾಲರಿನ ಕೆಲಸ. ಹಳೇ ಕೊಳವೆ ಸುಟ್ಟ ಮಣ್ಣಿನದು, ಎರಡು ಮೂರು ಅಡಿಗೊಂದು ಕೂಡು. ನೀವು ಮನಸ್ಸು ಕೊಡುವಂತೆ ಮಾಡಿದ ಅದೇ ಮರದ ಬೇರು ಆ ಕೂಡಿನಲ್ಲಿ ನುಗ್ಗಿರುತ್ತದೆ. ಅದರ ಮೇಲೆ ನಾವು ಬೋಂಡಾ ಕರಿದ ಎಣ್ಣೆ ಸುರಿದರೆ ಬೇರಿಗೆ ಎಣ್ಣೆ ಹೆಪ್ಪುಗಟ್ಟಿ ಗೌರಿ ಹಬ್ಬದ ದಿನವೇ ಬೇಸ್‌ಮೆಂಟಿಗೆ ಕೊಳಚೆ ನೀರು. ಎಣ್ಣೆಯನ್ನು ಡಬ್ಬಿಗೆ ಹಾಕಿ ಕಸಕ್ಕೆ ಕೊಡಿ. ಚರಂಡಿ ಹಿಮ್ಮುಖವಾದರೆ ಸಾಮಾನ್ಯ ಗೃಹವಿಮೆ ಸಾಮಾನ್ಯವಾಗಿ ಕೊಡುವುದಿಲ್ಲ, ಅದಕ್ಕೆ ಬೇರೆ ಸೇರ್ಪಡೆ ಕೊಳ್ಳಬೇಕು. ಬೇಸ್‌ಮೆಂಟಿನ ನೀರು ಹೊರಹಾಕುವ ಸಂಪ್ ಪಂಪಿಗೆ ಬ್ಯಾಟರಿ ಇರಲಿ, ಮಳೆ ಬಂದಾಗಲೇ ಕರೆಂಟು ಹೋಗುವುದು.

ಉಳಿದ ಕಾಗದಪತ್ರ ಬೇಗ ಹೇಳಿ ಮುಗಿಸುತ್ತೇವೆ: ಮಾರುವವರು ಕೊಡುವ ಸೀಸದ ಘೋಷಣೆ, ನೆಲದಿಂದ ಏಳುವ ವಿಕಿರಣದ ಅನಿಲ ರೇಡಾನ್‌ನ ಪರೀಕ್ಷೆ (ಲೀಟರ್ ಗಾಳಿಗೆ 4 ಪಿಕೋಕ್ಯೂರಿ ಮೇಲಿದ್ದರೆ ಅದನ್ನು ಹೊರಹಾಕುವ ಫ್ಯಾನು), ಸ್ವಂತ ವಾಸದ ಮನೆಗೆ ಸಿಗುವ ಹೋಮ್‌ಸ್ಟೆಡ್ ತೆರಿಗೆ ವಿನಾಯಿತಿ, ಅಗೆಯುವ ಮುಂಚೆ ನೆಲದಡಿಯ ತಂತಿ ಕೊಳವೆಗಳಿಗೆ ಗುರುತು ಹಾಕಿಸಲು 811ಕ್ಕೆ ಫೋನು. ಒಂದನ್ನು ಮಾತ್ರ ಮರೆಯಬೇಡಿ. ವಾಸದ ಐತಿಹಾಸಿಕ ಮನೆಗೆ ಮಾರುಕಟ್ಟೆ ಬೆಲೆಯ ಕಾಲುಭಾಗದಷ್ಟು ಖರ್ಚು ಮಾಡಿ ನಿಯಮದಂತೆ ದುರಸ್ತಿ ಮಾಡಿಸಿದರೆ, ಇಲಿನಾಯ್ ಆ ಮನೆಯ ತೆರಿಗೆ ಮೌಲ್ಯವನ್ನು 8 ವರ್ಷ ಹಿಡಿದಿಡುತ್ತದೆ, ಆಮೇಲೆ 4 ವರ್ಷದಲ್ಲಿ ಹಂತಹಂತವಾಗಿ ಏರಿಸುತ್ತದೆ. ಗಾರೆ ಕಿತ್ತ ಮೇಲೆ ಅರ್ಜಿ ಹಾಕಲು ಹೋಗಬೇಡಿ. ಕೆಲಸ ಶುರುವಾಗುವ ಮುಂಚೆಯೇ ರಾಜ್ಯದ ಸಂರಕ್ಷಣಾ ಕಚೇರಿಗೆ ನಕ್ಷೆ ತೋರಿಸಿ.

ಹಬ್ಬಕ್ಕೆ ನೆಂಟರನ್ನು ಕರೆದಾಗ ಬೀದಿಯಲ್ಲಿ ರಾತ್ರಿ ಕಾರು ನಿಲ್ಲಿಸುವ ಹಾಗಿಲ್ಲ, 2ರಿಂದ 5 ಗಂಟೆಯವರೆಗೆ ನಿಷೇಧ. ಇಸ್ಪೀಟು ಒಂದೂವರೆಗೆ ಮುಗಿಯಬೇಕು.

ಇಷ್ಟೆಲ್ಲ ಪಾಡು ಯಾಕೆ ಅಂದರೆ, ಊರಿಂದ ಬರುವ ಅಪ್ಪ ಅಮ್ಮನಿಗಾಗಿ. ಹೊಸ ಬಡಾವಣೆಯಲ್ಲಿ ಕಾರಿಲ್ಲದ ಅವರು ಆರು ತಿಂಗಳು ಕಿಟಕಿ ಪಕ್ಕ ಕೂತು ಕೊರಿಯರ್ ವ್ಯಾನು ಎಣಿಸುತ್ತಾರೆ. ಇಲ್ಲಿ ಬೆಳಿಗ್ಗೆ ಕಾಫಿ ಕುಡಿದು ತಮ್ಮ ಕಾಲಲ್ಲೇ ನಿಕೋಲ್ಸ್ ಲೈಬ್ರರಿಗೆ ಹೋಗಬಹುದು, 1981ರಲ್ಲಿ ಊರಿನ ನೂರೈವತ್ತನೇ ವರ್ಷಕ್ಕೆ ಕಟ್ಟಿದ ನದಿದಂಡೆಯ ರಿವರ್‌ವಾಕ್‌ನಲ್ಲಿ ಬಾತುಕೋಳಿ ನೋಡುತ್ತ ಕೂರಬಹುದು. ಜಗಲಿಯಲ್ಲಿ ಕೂತರೆ ಬೀದಿಯವರು ಮಾತಾಡಿಸುತ್ತಾರೆ, ಭಾಷೆ ಅರ್ಧ ಬಂದರೂ ಸಾಕು. ಆದರೆ ಮಂಡಿ ನೋವಿನ ಅಮ್ಮನಿಗೆ ಹಳೇ ಮನೆಯ ಮೆಟ್ಟಿಲು ಕಡಿದಾದದ್ದು, ಬಚ್ಚಲು ಮಹಡಿಯಲ್ಲಿ ಮಾತ್ರ. ಕೆಳಗೊಂದು ಬಚ್ಚಲುಮನೆ ಮಾಡಿಸಲು ಆಗುತ್ತದೆಯೇ ಎಂದು ಕೊಳ್ಳುವ ಮುಂಚೆ ಪ್ಲಂಬರನ್ನು ಕೇಳಿ. ಮೂರಿಂಚಿನ ಕೊಳವೆಗಾಗಿ ನೆಲದ ತೊಲೆಗಳನ್ನು ಕೊರೆಯುವೆ ಅನ್ನುವವನನ್ನು ಅಲ್ಲಿಂದಲೇ ಕಳಿಸಿ.

ಕಳೆದುಕೊಳ್ಳುವುದೂ ಇದೆ. ಇಲ್ಲಿನ ಶಾಲೆಗಳು 203ನೇ ಶಾಲಾ ಜಿಲ್ಲೆಯವು. ನಮ್ಮವರ ಮಕ್ಕಳು ತುಂಬಿರುವುದು ಹೆಚ್ಚಾಗಿ ಇಂಡಿಯನ್ ಪ್ರೇರಿ ಎಂಬ 204ರಲ್ಲಿ. (ಆ ಇಂಡಿಯನ್ ನಾವಲ್ಲ. ಈ ನೆಲದಲ್ಲಿ ಪೊಟವಾಟಮಿ ಎಂಬ ಮೂಲನಿವಾಸಿ ಜನ ಇದ್ದರು. 1833ರ ಷಿಕಾಗೋ ಒಪ್ಪಂದದ ಮೇಲೆ ಅವರನ್ನು ಎಬ್ಬಿಸಲಾಯಿತು. ಹಳೇ ಊರು ಅನ್ನುವಾಗ ಇದೂ ಮನಸ್ಸಿನಲ್ಲಿರಲಿ.) ಇಲ್ಲಿ ಮಗಳು ಒಬ್ಬಳೇ ನಡೆದು ಲೈಬ್ರರಿಗೆ ಹೋಗುವುದನ್ನು ಕಲಿಯುತ್ತಾಳೆ, ಪಕ್ಕದ ಮನೆಯಲ್ಲಿ "ಅಕ್ಕಾ" ಅನ್ನಲು ಯಾರೂ ಇರುವುದಿಲ್ಲ. ಕನ್ನಡ ಕಲಿಕೆಗೆ, ಅರೋರಾದ ಬಾಲಾಜಿ ದೇವಸ್ಥಾನಕ್ಕೆ, ಲೆಮಾಂಟಿನ ರಾಮನಿಗೆ, ವಿದ್ಯಾರಣ್ಯ ಕನ್ನಡ ಕೂಟದ ಕಾರ್ಯಕ್ರಮಕ್ಕೆ ಎಲ್ಲಕ್ಕೂ ಕಾರು ತೆಗೆಯಲೇಬೇಕು. ಭಾನುವಾರವನ್ನು ಅದಕ್ಕೇ ಬರೆದಿಡಿ. 'ಮುಂದಿನ ವಾರ ನೋಡೋಣ' ಅಂದರೆ ಮಗುವಿನ ಕನ್ನಡ ಅಡುಗೆಮನೆಯ ನಾಲ್ಕು ಮಾತಿಗೆ ಇಳಿಯುತ್ತದೆ.

ಅಪ್ಪ ವಾಕಿಂಗಿಗೆ ಹೊರಡುವ ಮೊದಲ ದಿನ ಜೊತೆಗೆ ಹೋಗಿ ರೈಲು ಗೇಟು ತೋರಿಸಿ. ಇದು ಮೂರು ಹಳಿಯ ದಾರಿ, ಮೆಟ್ರಾ ಲೋಕಲ್ಲು, ದೂರದೂರಿಗೆ ಹೋಗುವ ಆಮ್‌ಟ್ರಾಕ್, ಗೂಡ್ಸು ಎಲ್ಲವೂ ಓಡುತ್ತವೆ. ಲೂಮಿಸ್ ಸ್ಟ್ರೀಟಿನ ಹತ್ತಿರ 1946ರಲ್ಲಿ ನಿಂತ ರೈಲಿಗೆ ಹಿಂದಿನದು ಗುದ್ದಿ 40ಕ್ಕೂ ಹೆಚ್ಚು ಜನ ಸತ್ತರು. ಊರಲ್ಲಿ ಗೇಟಿನ ಕೆಳಗೆ ಬಗ್ಗಿ ದಾಟಿ ಅಭ್ಯಾಸವಿರುವ ಅಪ್ಪನಿಗೆ ಇಷ್ಟು ಹೇಳಿ: ಒಂದು ರೈಲು ಹೋದರೂ ಗೇಟಿನ ಕಂಬ ಪೂರ್ತಿ ಮೇಲೇಳುವವರೆಗೆ ನಿಲ್ಲಬೇಕು, ಅದರ ಮರೆಯಲ್ಲಿ ಇನ್ನೊಂದು ಹಳಿಯ ಮೇಲೆ ಎದುರಿನಿಂದ ಬರುತ್ತಿರುತ್ತದೆ.