ಪಶ್ಚಿಮದ ಗೋಡೆ ಒಸರುತ್ತಿದೆಯೇ? ರಿಪೇರಿ ಹೊರಗಿನಿಂದ ಆಗಲಿ

ಮಂಗಳೂರು, ಉಡುಪಿ ಕಡೆಯ ಅಪಾರ್ಟ್‌ಮೆಂಟುಗಳಲ್ಲಿ ಮಳೆಗಾಲ ಬಲವಾಗುತ್ತಿದ್ದಂತೆ ಪಶ್ಚಿಮ, ನೈರುತ್ಯ ಮುಖದ ಕೋಣೆಗಳಲ್ಲಿ ತೇವದ ಕಲೆ ಮೂಡುತ್ತದೆ. ಆಮೇಲೆ ಪುಟ್ಟಿ ಹಪ್ಪಳದಂತೆ ಏಳುತ್ತದೆ, ಕಪಾಟಿನ ಹಿಂದೆ ಬೂಷ್ಟು ಹಿಡಿಯುತ್ತದೆ. ಕಡಲ ಕಡೆಯಿಂದ ಬೀಸುವ ಗಾಳಿ ಮಳೆಯನ್ನು ಅಡ್ಡಲಾಗಿ ಗೋಡೆಗೆ ಬಡಿಯುವುದೇ ಇದಕ್ಕೆ ಕಾರಣ. ಸಿಮೆಂಟ್ ಗಾರೆ ಸ್ವಭಾವತಃ ನೀರು ಹೀರುತ್ತದೆ. ಬಯಲುಸೀಮೆಯಲ್ಲಿ ಎರಡು ಮಳೆಗಳ ನಡುವೆ ಅದು ಒಣಗುತ್ತದೆ, ಕರಾವಳಿಯಲ್ಲಿ ಒಣಗಲು ಬಿಡುವೇ ಇರುವುದಿಲ್ಲ. ಕೂದಲೆಳೆಯಷ್ಟು ಬಿರುಕಿದ್ದರೂ ಗಾಳಿಯ ಒತ್ತಡ ನೀರನ್ನು ಒಳಕ್ಕೆ ತಳ್ಳುತ್ತದೆ.

ಹೆಚ್ಚಿನವರು ಮೊದಲು ಮಾಡುವುದು ಒಳಗೋಡೆಗೆ ವಾಟರ್‌ಪ್ರೂಫ್ ಪೇಂಟ್ ಬಳಿಸುವ ಕೆಲಸ. ಇದಕ್ಕೆ ಸುರಿದ ಹಣ ಬಹುಪಾಲು ವ್ಯರ್ಥ. ನೀರು ಪದರದ ಹಿಂಬದಿಯಿಂದ ಬರುವುದರಿಂದ ಪೇಂಟನ್ನು ತಳ್ಳಿ ಉಬ್ಬಿಸುತ್ತದೆ, ಇಲ್ಲವೇ ಒಂದೆರಡು ಅಡಿ ಸರಿದು ಬೇರೆಡೆ ಕಾಣಿಸಿಕೊಳ್ಳುತ್ತದೆ.

ಮೊದಲು ಇದು ಯಾವ ನೀರು?

ಒದ್ದೆಯ ಅಂಚಿಗೆ ಪೆನ್ಸಿಲಿನಿಂದ ಗೆರೆ ಎಳೆದು ದಿನಾಂಕ ಬರೆಯಿರಿ. ಜೋರು ಮಳೆಯ ನಂತರ ಗೆರೆ ದಾಟಿ, ಬಿಸಿಲು ಬಿದ್ದ ಮೇಲೆ ಹಿಂದೆ ಸರಿದರೆ ಅದು ಹೊರಗಿನ ನೀರು. ಬೇಸಿಗೆಯಲ್ಲೂ ಕಲೆ ಒಂದೇ ಸಮ ಇದ್ದರೆ ಬಚ್ಚಲುಮನೆ ಅಥವಾ ಗೋಡೆಯೊಳಗಿನ ಪೈಪನ್ನು ಸಂಶಯಿಸಿ. ಗೊತ್ತಾಗದಿದ್ದರೆ ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿ ಟೇಪ್ ಹಾಕಿ ಗೋಡೆಗೆ ಅಂಟಿಸಿ ಒಂದು ದಿನ ಬಿಡಿ. ಹನಿ ಹಾಳೆಯ ಹಿಂದೆ, ಗೋಡೆ ಕಡೆ ಕೂತಿದ್ದರೆ ತೇವ ಗೋಡೆಯೊಳಗಿನದು. ಕೋಣೆ ಕಡೆಗೆ ಕೂತಿದ್ದರೆ ಅದು ಗಾಳಿಯಲ್ಲಿನ ತೇವ. ಅದಕ್ಕೆ ಕಿಟಕಿ ತೆರೆದಿಡುವುದು, ಎಕ್ಸಾಸ್ಟ್ ಫ್ಯಾನ್ ಹಾಕುವುದೇ ಮದ್ದು.

ಕಲೆಯ ಜಾಗವೂ ಸುಳಿವು ಕೊಡುತ್ತದೆ. ಛಾವಣಿಗಿಂತ ಒಂದು, ಒಂದೂವರೆ ಅಡಿ ಕೆಳಗೆ ಅಡ್ಡಗೆರೆಯಂತೆ ಇದ್ದರೆ ಬೀಮ್ ಮತ್ತು ಕಲ್ಲಿನ ಗೋಡೆ ಕೂಡುವ ಸಂದು ಬಾಯಿ ಬಿಟ್ಟಿದೆ. ಕಿಟಕಿಯ ಕೆಳಮೂಲೆಗಳಲ್ಲಿದ್ದರೆ ಫ್ರೇಮ್ ಅಥವಾ ಸಿಲ್ (ಕಿಟಕಿಯ ಕೆಳಗಿನ ಚಪ್ಪಡಿ) ಕಾರಣ. ಸ್ವಿಚ್‌ಬೋರ್ಡ್ ಹತ್ತಿರ ಒದ್ದೆಯಿದ್ದರೆ ಆ ಲೈನಿನ ಎಂಸಿಬಿ (ಕರೆಂಟ್ ಕಡಿಯುವ ಸ್ವಿಚ್) ಇಳಿಸಿ ಎಲೆಕ್ಟ್ರಿಷಿಯನ್‌ರನ್ನು ಕರೆಸಿದ ಮೇಲೆಯೇ ಮುಂದಿನ ಮಾತು.

ನೀರು ಹೊಕ್ಕ ಬಾಯಿ ಹುಡುಕುವುದು

ಒಳಗಿನ ಕಲೆಗೆ ನೇರ ಎದುರಿಗೇ ಹೊರಗಿನ ತೂತು ಇರಬೇಕೆಂದಿಲ್ಲ. ನೀರು ಬೀಮಿನ ಮೇಲೆ ಅಡ್ಡ ಹರಿದು, ಕಲ್ಲಿನ ಸಂದಿನಲ್ಲಿ ಇಳಿದು ಎಲ್ಲೋ ಹೊರಬರುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಪೈಪಿನಿಂದ ನೀರು ಹಾಯಿಸಿ ಪರೀಕ್ಷಿಸಿ. ರಭಸ ಬೇಡ, ಮಳೆಯಂತೆ ಚಿಮುಕಿಸಿದರೆ ಸಾಕು. ಕೆಳಗಿನಿಂದ ಶುರುಮಾಡಿ ಮೂರು ನಾಲ್ಕು ಅಡಿಯ ಪಟ್ಟಿಯಂತೆ ಮೇಲೇರಿ, ಒಂದೊಂದಕ್ಕೂ ಕನಿಷ್ಠ 15 ನಿಮಿಷ ಕೊಡಿ. ಒಳಗೆ ಒಬ್ಬರು ನೋಡುತ್ತಿರಲಿ. ಮೇಲಿನಿಂದ ಶುರುಮಾಡಿದರೆ ನೀರು ಇಡೀ ಗೋಡೆ ನೆನೆಸಿಬಿಡುತ್ತದೆ, ಯಾವ ಬಿರುಕಿನಿಂದ ಬಂತೆಂದು ತಿಳಿಯುವುದಿಲ್ಲ.

ಜೊತೆಗೆ ಸುತ್ತಿಗೆಯ ಹಿಡಿಯಿಂದ ಗಾರೆ ತಟ್ಟಿಸಿ. ಟೊಳ್ಳು ಸದ್ದು ಬಂದ ಕಡೆ ಗಾರೆ ಗೋಡೆಯಿಂದ ಬಿಟ್ಟಿದೆ, ಅದನ್ನು ಕೆತ್ತಿ ತೆಗೆಯಲೇಬೇಕು. ಕಂಬ ಅಥವಾ ಬೀಮಿನ ಉದ್ದಕ್ಕೆ ಬಿರುಕಿದ್ದು ತುಕ್ಕಿನ ಕಂದು ನೀರು ಇಳಿದಿದ್ದರೆ ಒಳಗಿನ ಕಬ್ಬಿಣ ತುಕ್ಕು ಹಿಡಿದು ಊದಿಕೊಂಡಿದೆ ಎಂದರ್ಥ. ಕಡಲಿನ ಉಪ್ಪುಗಾಳಿಯಲ್ಲಿ ಇದು ಅಪರೂಪವಲ್ಲ. ಅದು ಪೇಂಟರ್ ಕೆಲಸವಲ್ಲ, ಸ್ಟ್ರಕ್ಚರಲ್ ಎಂಜಿನಿಯರ್ ನೋಡಬೇಕು.

ಬಿರುಕಿಗೆ ತಕ್ಕ ಕೆಲಸ

ಬಲೆಯಂತೆ ಹರಡಿದ, ಒಂದು ಮಿಲಿಮೀಟರಿಗಿಂತ ಸಣ್ಣ ಬಿರುಕುಗಳನ್ನು ಕೆತ್ತುವ ಅಗತ್ಯವಿಲ್ಲ, ಅವನ್ನು ಹಿಗ್ಗುವ ಗುಣದ ಹೊರ ಕೋಟಿಂಗ್ ಮುಚ್ಚುತ್ತದೆ. 1ರಿಂದ 5 ಮಿ.ಮೀ. ಬಿರುಕನ್ನು ಉಳಿಯಿಂದ ‘ವಿ’ ಆಕಾರಕ್ಕೆ ಬಿಡಿಸಿ, ದೂಳು ತೆಗೆದು, ಅಕ್ರಿಲಿಕ್ ಕ್ರ್ಯಾಕ್ ಫಿಲ್ಲರ್ ತುಂಬಿಸಬೇಕು. ಒಂದೇ ಸಲ ತುಂಬಿದರೆ ಒಣಗುವಾಗ ಕುಗ್ಗಿ ಮತ್ತೆ ಗೆರೆ ಬೀಳುತ್ತದೆ, ಎರಡು ಸಲ ತುಂಬಿಸಿ.

ಎಲ್ಲಕ್ಕಿಂತ ತೊಂದರೆಯದು ಬೀಮಿನ ಸಂದು. ಕಾಂಕ್ರೀಟೂ ಕೆಂಪುಕಲ್ಲು ಅಥವಾ ಬ್ಲಾಕೂ ಬಿಸಿಲಿಗೆ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುತ್ತವೆ. ಮೇಲಿಂದ ಮೆತ್ತಿದ ಫಿಲ್ಲರ್ ಇಲ್ಲಿ ನಿಲ್ಲುವುದಿಲ್ಲ. ಸಂದಿನ ಮೇಲೆ ಕೆಳಗೆ ನಾಲ್ಕು ನಾಲ್ಕು ಇಂಚು ಗಾರೆಯನ್ನು ಕಲ್ಲು ಕಾಣುವವರೆಗೆ ಕೆತ್ತಿಸಿ. ಸಂದಿನೊಳಗೆ ಕುಗ್ಗದ ಮಾರ್ಟರ್ ಒತ್ತಿ ತುಂಬಿಸಿ, ಎರಡೂ ಬದಿಗೆ ಕನಿಷ್ಠ ಮೂರಿಂಚು ಚಾಚುವಂತೆ ಜಾಲರಿ ಬಿಗಿಸಿ. ಕಡಲತೀರದಲ್ಲಿ ತಂತಿಯ ಕೋಳಿಬಲೆಗಿಂತ ತುಕ್ಕು ಹಿಡಿಯದ ಫೈಬರ್ ಜಾಲರಿ ಲೇಸು.

ಅದರ ಮೇಲೆ ಎಸ್‌ಬಿಆರ್ ಲೇಟೆಕ್ಸ್ (ಅಂಟುಗುಣ ಕೊಡುವ ರಬ್ಬರ್ ದ್ರವ), ನೀರು, ಸಿಮೆಂಟ್ ಕಲಸಿದ ತಿಳಿ ಹಚ್ಚಿ, ಅದು ಕೈಗೆ ಅಂಟುವಂತಿರುವಾಗಲೇ 1:4 ಗಾರೆ (ಒಂದು ಪಾಲು ಸಿಮೆಂಟ್, ನಾಲ್ಕು ಪಾಲು ಮರಳು) ಹಾಕಬೇಕು. ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ. ತಿಳಿ ಹಚ್ಚಿ ಮೇಸ್ತ್ರಿ ಊಟಕ್ಕೆ ಹೋದರೆ ಅದು ಒಣಗಿ, ಅಂಟಿಸಬೇಕಾದ ಪದರವೇ ಗಾರೆಯನ್ನು ಬಿಡಿಸುವ ಪದರವಾಗುತ್ತದೆ. ಗಾರೆಗೆ ಸೇರಿಸುವ ಲೇಟೆಕ್ಸ್‌ನ ಅಳತೆ ಡಬ್ಬದ ಮೇಲಿರುತ್ತದೆ, ಅಂದಾಜಿಗೆ ಸುರಿಯಲು ಬಿಡಬೇಡಿ. ಕ್ಯೂರಿಂಗಿನಲ್ಲೂ ವ್ಯತ್ಯಾಸವಿದೆ: ಸಾದಾ ಗಾರೆಗೆ ಕನಿಷ್ಠ ಏಳು ದಿನ ನೀರು ಬೇಕು. ಲೇಟೆಕ್ಸ್ ಬೆರೆತದ್ದಕ್ಕೆ ಮೊದಲ ಒಂದೆರಡು ದಿನ ತೇವ ಸಾಕು, ನಂತರ ಗಾಳಿಗೆ ಒಣಗಿದರೇ ಅದರ ಪದರ ಕಟ್ಟಿಕೊಳ್ಳುತ್ತದೆ. ಪಶ್ಚಿಮ ಗೋಡೆಯ ಕೆಲಸ ಬೆಳಗಿನ ನೆರಳಲ್ಲಿ ಮುಗಿಯಲಿ. ಸುಡುಬಿಸಿಲಿಗೆ ಹಾಕಿದ ಗಾರೆ ಸಂಜೆಯೊಳಗೆ ಒಡೆಯುತ್ತದೆ.

ಕಿಟಕಿ, ಸಜ್ಜಾ, ತೂತುಗಳು

ಅಲ್ಯೂಮಿನಿಯಂ ಸ್ಲೈಡಿಂಗ್ ಕಿಟಕಿಯ ಕೆಳ ಟ್ರ್ಯಾಕಿನಲ್ಲಿ ಹೊರಮುಖವಾಗಿ ಸಣ್ಣ ತೂತುಗಳಿರುತ್ತವೆ. ಅವು ನೀರು ಹೊರಹೋಗಲೆಂದೇ ಇರುವವು. ದೂಳು ತುಂಬಿ ಕಟ್ಟಿಕೊಂಡರೆ ಟ್ರ್ಯಾಕ್ ತುಂಬಿ ಮನೆಯೊಳಗೆ ಚೆಲ್ಲುತ್ತದೆ. ‘ಲೀಕ್ ಆಗುತ್ತಿದೆ’ ಎಂದು ಅದಕ್ಕೇ ಸಿಲಿಕೋನ್ ಹಾಕಿ ಮುಚ್ಚುವವರೂ ಇದ್ದಾರೆ!

ಫ್ರೇಮಿನ ಸುತ್ತ ಹಳೆಯ ಸೀಲೆಂಟ್, ಬಿಳಿ ಸಿಮೆಂಟ್ ಪೂರ್ತಿ ಕಿತ್ತು, ಸಂದಿಗೆ ಫೋಮಿನ ಹುರಿ ತುರುಕಿ, ಮೇಲೆ ಪಿಯು (ಪಾಲಿಯುರೆಥೇನ್) ಸೀಲೆಂಟ್ ಎಳೆಯಿರಿ. ಸಂದು 10 ಮಿ.ಮೀ. ಅಗಲವಿದ್ದರೆ ಸೀಲೆಂಟ್ ಸುಮಾರು 5 ಮಿ.ಮೀ. ಆಳ ಸಾಕು. ಅದು ಎರಡು ಬದಿಗೆ ಮಾತ್ರ ಅಂಟಬೇಕು. ಹುರಿಯಿಲ್ಲದೆ ಹಿಂಬದಿಗೂ ಅಂಟಿದರೆ ಹಿಗ್ಗಿ ಕುಗ್ಗಲಾಗದೆ ಹರಿದುಹೋಗುತ್ತದೆ. ಸಾಮಾನ್ಯ ಸಿಲಿಕೋನ್ ಮೇಲೆ ಬಣ್ಣ ನಿಲ್ಲುವುದಿಲ್ಲ ಎಂಬುದೂ ನೆನಪಿರಲಿ. ಸಿಲ್ ಕಲ್ಲು ಹೊರಗೆ ಇಳಿಜಾರಾಗಿ, ಗೋಡೆಯಿಂದ ಒಂದಿಂಚಾದರೂ ಮುಂದೆ ಚಾಚಿ, ಅಡಿಯಲ್ಲಿ ನೀರು ಕತ್ತರಿಸುವ ಗೀರು ಹೊಂದಿರಬೇಕು.

ಸಜ್ಜಾದ ಮೇಲಿನ ಎಲೆ, ಮಣ್ಣು ತೆಗೆಸಿ. ಅದು ಗೋಡೆಗೆ ಸೇರುವ ಮೂಲೆಗೆ ದುಂಡನೆಯ ಗಾರೆ ಕೊಟ್ಟು, ಕೋಟಿಂಗನ್ನು ಗೋಡೆಯ ಮೇಲೂ ಆರಿಂಚು ಹತ್ತಿಸಿ. ಎಸಿ ಪೈಪಿನ ತೂತು ಹೊರಕ್ಕೆ ಇಳಿಜಾರಿರಬೇಕು. ಬರೀ ಫೋಮ್ ತುಂಬಿದರೆ ಬಿಸಿಲಿಗೆ ಪುಡಿಯಾಗುತ್ತದೆ, ಮೇಲೆ ಸೀಲೆಂಟ್ ಬೇಕು. ಕೇಬಲ್ ವೈರ್ ತೂತಿಗೆ ಹೋಗುವ ಮುನ್ನ ಕೆಳಕ್ಕೆ ಜೋತು ಬಿದ್ದು ಮೇಲೇರಲಿ, ಹನಿ ಅಲ್ಲೇ ಉದುರುತ್ತದೆ.

ಹೊರ ಕೋಟಿಂಗ್

ಪಾಚಿ ಉಜ್ಜಿ ತೊಳೆದು, ಫಂಗಸ್ ನಾಶಕ ಹಚ್ಚಿ, ಗೋಡೆ ಒಣಗಿದ ಮೇಲೆ ಪ್ರೈಮರ್, ನಂತರ ಇಲಾಸ್ಟೊಮೆರಿಕ್ (ಹಿಗ್ಗುವ ಗುಣದ) ಅಕ್ರಿಲಿಕ್ ಎರಡು ಕೋಟ್. ಹೊಸ ಗಾರೆಯಾದರೆ 28 ದಿನ ಕಾಯುವುದು ಒಳ್ಳೆಯದು. ನೀರು ಬೆರೆಸಿ ತೆಳುವಾಗಿ ಎಳೆಯುವುದು ಇಲ್ಲಿನ ಮಾಮೂಲಿ ಮೋಸ. ಲೆಕ್ಕ ಸರಳ: ಡಬ್ಬದ ಮೇಲೆ ‘ಎರಡು ಕೋಟ್ ಸೇರಿ ಲೀಟರಿಗೆ 30 ಚದರಡಿ’ ಎಂದಿದ್ದರೆ 1200 ಚದರಡಿ ಗೋಡೆಗೆ 40 ಲೀಟರ್ ಬೇಕು. ಕೆಲಸದ ಕೊನೆಗೆ 20 ಲೀಟರಿನ ಎರಡು ಖಾಲಿ ಡಬ್ಬ ಎಣಿಸಿಕೊಳ್ಳಿ.

ಒಳಗೋಡೆ ಕೊನೆಗೆ. ಉಬ್ಬಿದ ಪುಟ್ಟಿ ಕೆರೆದು, ಗೋಡೆಯ ಮೇಲೆ ಮೂಡಿದ ಬಿಳಿ ಉಪ್ಪನ್ನು ಒಣ ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಗೋಡೆಯೊಳಗೇ ಇಳಿಯುತ್ತದೆ. ಪೂರ್ತಿ ಒಣಗುವ ಮೊದಲು ಪುಟ್ಟಿ, ಟೈಲ್ಸ್, ಜಿಪ್ಸಂ ಬೋರ್ಡ್ ಯಾವುದೂ ಬೇಡ.

ಖರ್ಚು ಯಾರದ್ದು?

ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ 1972 ಮುಖ್ಯ ಗೋಡೆಗಳನ್ನು ಸಾಮಾನ್ಯ ಭಾಗವೆಂದು ಪರಿಗಣಿಸುತ್ತದೆ. ಆದ್ದರಿಂದ ಇದು ಫ್ಲ್ಯಾಟ್ ಮಾಲೀಕರ ಸಂಘದ ಮೂಲಕವೇ ಆಗಬೇಕಾದ ಕೆಲಸ. ಒಂದು ಫ್ಲ್ಯಾಟಿನ ಅಗಲಕ್ಕಷ್ಟೇ ಬಳಿದರೆ ಮೇಲಿನ ಮಹಡಿಯ ಬಿರುಕಿನಿಂದ ನೀರು ಇಳಿಯುತ್ತಲೇ ಇರುತ್ತದೆ. ಸ್ವಾಧೀನ ಸಿಕ್ಕಿ ಐದು ವರ್ಷದೊಳಗಾಗಿದ್ದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 14(3)ನೇ ಸೆಕ್ಷನ್ ಪ್ರಕಾರ ಕಾಮಗಾರಿಯ ದೋಷವನ್ನು ಬಿಲ್ಡರ್ 30 ದಿನದೊಳಗೆ ಉಚಿತವಾಗಿ ಸರಿಪಡಿಸಬೇಕು. ದಿನಾಂಕವಿರುವ ಫೋಟೊಗಳೊಂದಿಗೆ ಲಿಖಿತವಾಗಿ ತಿಳಿಸಿ. ಮೊದಲು ಹೇಳಿದ ಪೆನ್ಸಿಲ್ ಗೆರೆಗಳು ಇಲ್ಲಿಯೂ ಉಪಯೋಗಕ್ಕೆ ಬರುತ್ತವೆ.

ಕೆಲಸಕ್ಕೆ ಜನವರಿಯಿಂದ ಏಪ್ರಿಲ್ ಸೂಕ್ತ. ಹಗ್ಗದಲ್ಲಿ ಇಳಿಯುವ ಕೆಲಸಗಾರರಿಗೆ ಬೆಲ್ಟ್, ಪ್ರತ್ಯೇಕ ಸುರಕ್ಷತಾ ಹಗ್ಗ ಇರಬೇಕೆಂದು ಕರಾರಿನಲ್ಲೇ ಬರೆಸಿ. ಹಗ್ಗವನ್ನು ನೀರಿನ ಪೈಪಿಗೆ ಕಟ್ಟಲು ಬಿಡಬೇಡಿ. ಬಿಲ್ಲಿನ ಶೇ 10ರಷ್ಟನ್ನು ಒಂದು ಮಳೆಗಾಲ ದಾಟುವವರೆಗೆ ತಡೆಹಿಡಿಯುವ ಷರತ್ತೂ ಅದರಲ್ಲೇ ಇರಲಿ.