ಮಲೆನಾಡಿನ ನಕ್ಷೆ ಓದಲು ನೀರಿನಿಂದ ಶುರುಮಾಡಿ

ಮಲೆನಾಡಿನ ಟೋಪೋಶೀಟ್ (ನೆಲದ ಏರಿಳಿತ, ಹಳ್ಳ-ಹೊಳೆ ತೋರಿಸುವ ವಿವರವಾದ ನಕ್ಷೆ) ಬಿಡಿಸಿದ ಕೂಡಲೇ ಕಣ್ಣಿಗೆ ಬೀಳುವುದು ಕಂದು ಗೆರೆಗಳ ಗೋಜಲು. ಮೊದಲು ಅದಕ್ಕೆ ಕೈಹಾಕಬೇಡಿ, ನೀಲಿ ಗೆರೆ ಹಿಡಿಯಿರಿ. ಹಳ್ಳ ಎತ್ತ ಹರಿಯುತ್ತದೆಂದು ಗೊತ್ತಾದರೆ ಗುಡ್ಡ ಯಾವುದು, ಕಣಿವೆ ಯಾವುದು ಎಂಬುದು ತಾನಾಗಿ ತಿಳಿಯುತ್ತದೆ.

ಅದಕ್ಕೂ ಮುಂಚೆ ಸ್ಕೇಲ್ ಸರಿಯಿದೆಯೇ ನೋಡಿಕೊಳ್ಳಿ. ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ನಕ್ಷೆಯಲ್ಲಿ 2 ಸೆಂ.ಮೀ. ಎಂದರೆ ನೆಲದ ಮೇಲೆ 1 ಕಿ.ಮೀ. ಜೆರಾಕ್ಸ್ ಅಥವಾ ಪ್ರಿಂಟ್ ತೆಗೆಸುವಾಗ ಹಾಳೆ ಕುಗ್ಗಬಹುದು. 1:50,000 ಎಂಬ ಬರಹ ಮಾತ್ರ ಹಾಗೇ ಉಳಿಯುತ್ತದೆ. ಅಂಚಿನಲ್ಲಿ ಗುರುತಿಸಿದ ಅಕ್ಷಾಂಶದ 5 ನಿಮಿಷದ ಅಂತರವನ್ನು ಅಳೆಯಿರಿ. ನಮ್ಮ ಭಾಗದಲ್ಲಿ ಅದು ಸುಮಾರು 9.2 ಕಿ.ಮೀ., ಅಂದರೆ ಹಾಳೆಯ ಮೇಲೆ 18.4 ಸೆಂ.ಮೀ. ಬರಬೇಕು. ಬರದಿದ್ದರೆ ಕೆಳಗೆ ಮುದ್ರಿಸಿರುವ ಅಳತೆಪಟ್ಟಿಯನ್ನೇ ಬಳಸಿ. ನಕ್ಷೆಯ ಜೊತೆ ಅದೂ ಅಷ್ಟೇ ಕುಗ್ಗಿರುತ್ತದೆ. ದಾರಿಯ ಉದ್ದ ಬೇಕಾದರೆ ತಿರುವುಗಳ ಮೇಲೆ ದಾರ ಹಾಯಿಸಿ, ಆ ದಾರವನ್ನು ಅಳೆಯಿರಿ. ಸಿಗುವುದು ಸಮತಲದ ದೂರ ಮಾತ್ರ, ಏರು ಅದರಲ್ಲಿ ಸೇರಿಲ್ಲ.

ಈಗ ನೀರು. ನದಿ ಹುಟ್ಟುವ ಜಾಗ ಉಗಮ: ಶರಾವತಿಗೆ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥ. ಎರಡು ನದಿ ಸೇರುವುದು ಸಂಗಮ: ತುಂಗೆ, ಭದ್ರೆಯರಿಗೆ ಕೂಡಲಿ. ಸಮುದ್ರ ಸೇರುವಲ್ಲಿ ಅಳಿವೆ: ಶರಾವತಿಗೆ ಹೊನ್ನಾವರ. ಎಡದಂಡೆ, ಬಲದಂಡೆ ಎನ್ನುವುದು ನೀರು ಹರಿಯುವ ದಿಕ್ಕಿಗೆ ಮುಖಮಾಡಿ ನಿಂತಾಗ. ಮೇಲ್ಮುಖವಾಗಿ ನಿಂತು ಹೇಳಿದರೆ ಭದ್ರಾ ನಾಲೆಗಳು ಅದಲುಬದಲಾಗುತ್ತವೆ. ಹರಿವಿನ ದಿಕ್ಕು ತೋರುವ ಬಾಣ ಇಲ್ಲದಿದ್ದರೆ ಹಳ್ಳಗಳು ಸೇರುವ ರೀತಿ ನೋಡಿ: ಸಾಮಾನ್ಯವಾಗಿ ಅವು ಓರೆಯಾಗಿ, ಕೆಳಹರಿವಿನತ್ತ ವಾಲಿಕೊಂಡು ಸೇರುತ್ತವೆ. ಅನುಮಾನವಿದ್ದರೆ ಕಂದು ಗೆರೆಯ ಮೇಲಿನ ಅಂಕಿ ಓದಿ. ಅಂಕಿ ಇಳಿಯುವತ್ತ ನೀರು ಹರಿಯುತ್ತದೆ.

ಆ ಕಂದು ಗೆರೆಗಳೇ ಸಮೋನ್ನತ ರೇಖೆಗಳು. ಸಮುದ್ರಮಟ್ಟದಿಂದ ಒಂದೇ ಎತ್ತರದಲ್ಲಿರುವ ಜಾಗಗಳನ್ನು ಒಂದೊಂದು ರೇಖೆ ಕೂಡಿಸುತ್ತದೆ. ಇದನ್ನು ಕಣ್ಣಾರೆ ನೋಡಲು ಲಿಂಗನಮಕ್ಕಿ ಹಿನ್ನೀರಿಗಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ಜಲಾಶಯದ ಪೂರ್ಣ ಮಟ್ಟ 1,819 ಅಡಿ, ಹತ್ತಿರಹತ್ತಿರ 554 ಮೀಟರ್. ತುಂಬಿದಾಗಿನ ಅಂಚು ಇಡೀ ಹಿನ್ನೀರಿನ ಸುತ್ತ ಎಳೆದ 554 ಮೀಟರಿನ ರೇಖೆ. ನಕ್ಷೆಯಲ್ಲಿ ಅದು 540 ಮತ್ತು 560ರ ಗೆರೆಗಳ ನಡುವೆ ಬರುತ್ತದೆ. ಬೇಸಿಗೆಯಲ್ಲಿ ನೀರು ಇಳಿದಂತೆ ದಡದಲ್ಲಿ ಪಟ್ಟೆ ಪಟ್ಟೆಯಾಗಿ ಉಳಿಯುವ ಗುರುತುಗಳೂ ಅಂಥವೇ ರೇಖೆಗಳು. ಅಲ್ಲಿನ ನಡುಗಡ್ಡೆಗಳು ಮುಳುಗಿದ ಗುಡ್ಡಗಳ ನೆತ್ತಿ. ನೀರು ಇನ್ನೂ ಇಳಿದರೆ ಕೆಲವು ದಡಕ್ಕೆ ಕೂಡಿಕೊಂಡು, ಮೂರು ಕಡೆ ನೀರಿರುವ ಭೂಶಿರಗಳಾಗುತ್ತವೆ. ಹಾಗಾಗಿ ನಕ್ಷೆಯ ನೀಲಿ ಅಂಚನ್ನು ನಂಬಿ ಮೇ ತಿಂಗಳಲ್ಲಿ ದೋಣಿದಾರಿ ಗೊತ್ತುಮಾಡಬೇಡಿ.

1:50,000 ಹಾಳೆಯಲ್ಲಿ ಸಾಮಾನ್ಯವಾಗಿ ಗೆರೆಯಿಂದ ಗೆರೆಗೆ 20 ಮೀಟರ್ ಎತ್ತರದ ವ್ಯತ್ಯಾಸ. ಐದನೆಯ ಗೆರೆ ದಪ್ಪ. 1 ಸೆಂ.ಮೀ. ಒಳಗೆ ಹತ್ತು ಅಂತರ ಬಂದರೆ 500 ಮೀಟರಿಗೆ 200 ಮೀಟರ್ ಏರು, ಸುಮಾರು 22 ಡಿಗ್ರಿ. ಹೊರೆ ಹೊತ್ತು ಹತ್ತುವವರಿಗೆ ಇದು ಕಡಿದಾದ ಇಳಿಜಾರೇ. ಆಗುಂಬೆಯ ಪಶ್ಚಿಮ ಅಂಚಿನಲ್ಲಿ ಗೆರೆಗಳು ಒಂದರ ಮೇಲೊಂದು ಬಿದ್ದಂತೆ ಒತ್ತಿಕೊಂಡಿರುತ್ತವೆ.

ಹೆಚ್ಚಿನವರು ತಪ್ಪುವುದು ಕಣಿವೆ ಮತ್ತು ಏಣಿನ, ಅಂದರೆ ಬೆಟ್ಟದ ಬೆನ್ನಿನ ನಡುವೆ. ಎರಡರಲ್ಲೂ ಗೆರೆ ಮೊನೆಯಾಗಿ ಬಾಗುತ್ತದೆ. ಮೊನೆ ಎತ್ತರದತ್ತ ಚಾಚಿದ್ದರೆ ಕಣಿವೆ, ಹಳ್ಳವಿದ್ದರೆ ಆ ಮೊನೆಯಲ್ಲೇ ಹಾಯುತ್ತದೆ. ಮೊನೆ ತಗ್ಗಿನತ್ತ ಚಾಚಿದ್ದರೆ ಬೆಟ್ಟದ ಏಣು. ಆಕಾರ ಮಾತ್ರ ನೋಡಿ, ಅಂಕಿ ನೋಡದೆ ನಿರ್ಧರಿಸಿದರೆ ತಲೆಕೆಳಗಾಗುತ್ತದೆ.

ಇಷ್ಟು ಬಂದರೆ ನಿಮ್ಮೂರ ಕೆರೆಯ ಜಲಾನಯನ, ಅಂದರೆ ಮಳೆನೀರು ಆ ಕೆರೆಗೆ ಹರಿದುಬರುವ ಇಡೀ ಪ್ರದೇಶ, ಗುರುತಿಸಬಹುದು. ಏರಿಯ ಹತ್ತಿರ ಚುಕ್ಕೆ ಇಡಿ. ಅಲ್ಲಿಗೆ ಬರುವ ಹಳ್ಳಗಳನ್ನೆಲ್ಲ ಮೂಲದವರೆಗೆ ನೀಲಿ ಪೆನ್ಸಿಲಿನಲ್ಲಿ ತಿದ್ದಿ. ಸುತ್ತಲ ನೆತ್ತಿಗಳನ್ನು ಗುರುತಿಸಿ, ಚುಕ್ಕೆಯಿಂದ ಹೊರಟು ಏಣಿನ ಮೇಲೆಯೇ ಗೆರೆ ಎಳೆಯುತ್ತ ಮತ್ತೆ ಚುಕ್ಕೆಗೆ ಬನ್ನಿ. ಈ ಗೆರೆಯೇ ಜಲವಿಭಾಜಕ. ಅದು ಕಂದು ಗೆರೆಗಳನ್ನು ನೇರ ಅಡ್ಡವಾಗಿ ಕತ್ತರಿಸಬೇಕು. ಚುಕ್ಕೆಯ ಬಳಿ ಬಿಟ್ಟರೆ ಎಲ್ಲೂ ಹಳ್ಳ ದಾಟಬಾರದು. ದಾಟಿತೆಂದರೆ ಪಕ್ಕದ ಕಣಿವೆಯ ನೀರನ್ನೂ ನಿಮ್ಮ ಲೆಕ್ಕಕ್ಕೆ ಸೇರಿಸಿಕೊಂಡಿದ್ದೀರಿ, ಅಳಿಸಿ ಮತ್ತೆ ಎಳೆಯಿರಿ. ಸಾಗರ ತಾಲ್ಲೂಕಿನಲ್ಲಿ ಈ ತಪ್ಪು ದೊಡ್ಡದಾಗುತ್ತದೆ: ಏಣಿನ ಒಂದು ಮಗ್ಗುಲಿನ ಮಳೆ ಶರಾವತಿಯಿಂದ ಅರಬ್ಬೀ ಸಮುದ್ರಕ್ಕೆ, ಇನ್ನೊಂದು ಮಗ್ಗುಲಿನದು ವರದೆಯಿಂದ ತುಂಗಭದ್ರೆ, ಕೃಷ್ಣೆಯ ಮೂಲಕ ಬಂಗಾಳಕೊಲ್ಲಿಗೆ ಹೋಗುತ್ತದೆ.

ವಿಸ್ತೀರ್ಣಕ್ಕೆ 1 ಸೆಂ.ಮೀ. ಚೌಕಗಳ ಪಾರದರ್ಶಕ ಹಾಳೆ ಸಾಕು. ಒಂದು ಚೌಕ 25 ಹೆಕ್ಟೇರ್. ಅರ್ಧಕ್ಕಿಂತ ಹೆಚ್ಚು ಒಳಗಿರುವ ಚೌಕವನ್ನು ಒಂದೆಂದು ಎಣಿಸಿ, ಅದಕ್ಕಿಂತ ಕಡಿಮೆ ಇದ್ದರೆ ಬಿಡಿ.