ಸಿಬೆಲಿಯಸ್‌ನ ಕೊನೆಯ ಆರು ಹೊಡೆತ: ನಮಗೆ ದಕ್ಕಿದ ಬಗೆ

ಫಿನ್ಲೆಂಡಿನ ಸಂಗೀತ ರಚನೆಕಾರ ಸಿಬೆಲಿಯಸ್‌ನ ಐದನೇ ಸಿಂಫನಿಯ ಕೊನೆ ಎಷ್ಟು ಕಾಡಿಸುತ್ತದೆ ಅಂತ ನುಡಿಸಿದವರಿಗೆ ಗೊತ್ತು. ಆರ್ಕೆಸ್ಟ್ರಾ ಒಟ್ಟಿಗೆ ಜೋರಾಗಿ ಕೊಡುವ ಆರು ಹೊಡೆತ, ನಡುನಡುವೆ ಬರೀ ಮೌನ. ನಾನು ಇಂಗ್ಲೆಂಡಿನಲ್ಲಿ ಒಂದು ಹವ್ಯಾಸಿ ಆರ್ಕೆಸ್ಟ್ರಾ ನಡೆಸುತ್ತೇನೆ. ಮೊದಲ ಸಲ ನಮಗೆ ನಾಲ್ಕನೇ ಹೊಡೆತಕ್ಕೇ ಚಪ್ಪಾಳೆ ಬಿತ್ತು. ಗಾಬರಿಯಲ್ಲಿ ಐದನೆಯದಕ್ಕೆ ಅರ್ಧ ಜನ ಮೊದಲೇ ಬಂದರು, ಉಳಿದವರು ತಡವಾಗಿ. ಹಾಲ್, ಟಿಂಪನಿ (ನಗಾರಿಯಂಥ ದೊಡ್ಡ ವಾದ್ಯ) ಬಾಡಿಗೆ ಎಲ್ಲಾ ಸೇರಿ 900 ಪೌಂಡ್ ಹತ್ತಿರ ಹೋಗಿತ್ತು. ಅವತ್ತು ರಾತ್ರಿ ಊಟ ಸೇರಲಿಲ್ಲ.

ಮನಸ್ಸಲ್ಲೇ ಎಣಿಸಿ ಅಂದೆ. ಒಬ್ಬೊಬ್ಬರದು ಒಂದೊಂದು ಎಣಿಕೆ. ಚಿಕ್ಕಂದಿನಲ್ಲಿ ಕಲಿತ ಹಾಗೆ ತೊಡೆಯ ಮೇಲೆ ತಾಳ ಹಾಕಿಸಿದೆ. ಗಾಳಿವಾದ್ಯದವರು ಚೆನ್ನಾಗಿ ಹಿಡಿದರು, ವಾದ್ಯ ಕೈಗೆ ಬಂದ ಕೂಡಲೇ ತಾಳ ಹೋಯಿತು. ಇನ್ನೊಬ್ಬ ರಚನೆಕಾರ ಹಾಯ್ಡನ್‌ನ 90ನೇ ಸಿಂಫನಿಯನ್ನೂ ಒಂದು ತಿಂಗಳು ನುಡಿಸಿ ನೋಡಿದೆವು. ಅದರಲ್ಲಿ ಸುಳ್ಳು ಮುಕ್ತಾಯ ಆದಮೇಲೆ ನಾಲ್ಕು ಬಾರ್ (ತಾಳದ ಆವರ್ತ) ಮೌನ. ಅಲ್ಲಿ ಜನ ಮೋಸ ಹೋಗಿ ಚಪ್ಪಾಳೆ ತಟ್ಟಿದರೇ ಸೊಗಸು. ನಮ್ಮ ಕೆಲಸಕ್ಕೆ ಬರಲಿಲ್ಲ.

ದಾರಿ ಹೊಳೆದದ್ದು ಸಿಬೆಲಿಯಸ್‌ನ ಐದನೆಯದರ 1915ರ ಮೊದಲ ರೂಪ ಕೇಳುವಾಗ. ಅದರಲ್ಲಿ ಈ ಹೊಡೆತಗಳ ಹಿಂದೆ ತಂತಿವಾದ್ಯಗಳ ಟ್ರೆಮೊಲೊ (ಬಿಲ್ಲನ್ನು ಬೇಗಬೇಗ ಆಡಿಸಿ ಸ್ವರವನ್ನು ನಡುಗಿಸುವುದು) ಹರಿಯುತ್ತಲೇ ಇರುತ್ತದೆ. 1919ರ ಕೊನೆಯ ರೂಪದಲ್ಲಿ ಸಿಬೆಲಿಯಸ್ ಅದನ್ನು ತೆಗೆದು ಮೌನ ಉಳಿಸಿದರು. ನಾವೂ ಅದೇ ಕ್ರಮದಲ್ಲಿ ಹೋಗೋಣ ಅಂದೆ. ಸಮಯ ಹಾಳು ಅಂದರು ವಯೋಲಾದವರು (ವಯೋಲಾ ವಯಲಿನ್‌ಗಿಂತ ತುಸು ದೊಡ್ಡ ವಾದ್ಯ). ಹೆಚ್ಚುವರಿ ಅಭ್ಯಾಸಕ್ಕೆ ಸಂಜೆಗೆ 60 ಪೌಂಡ್ ಹಾಲ್ ಬಾಡಿಗೆ ಅಂತ ಕಮಿಟಿಯವರ ತಕರಾರು. ಮೊದಲ ಎರಡು ಸಂಜೆಯದು ನಾನೇ ಕೊಟ್ಟೆ.

ಎರಡನೇ ವಯಲಿನ್ ಗುಂಪಿನ ಹತ್ತು ಜನರಿಂದ ನಡುವಿನ ಜಾಗದಲ್ಲೆಲ್ಲ ಟ್ರೆಮೊಲೊ ಹಿಡಿಸಿದೆ. ವಾರಕ್ಕೆ ಇಬ್ಬರನ್ನು ನಿಲ್ಲಿಸುತ್ತಾ ಬಂದೆ. ಕೊನೆಗೆ ಉಳಿದವರು ಬಿಲ್ಲನ್ನು ತಂತಿಗಿಂತ ಕೂದಲೆಳೆ ಮೇಲೆ ಹಿಡಿದು ಸುಮ್ನೆ ಆಡಿಸಿದರು. ಸದ್ದೇ ಇಲ್ಲ. ಆದರೂ ಐದನೇ ಹೊಡೆತ ಎಲ್ಲರದೂ ಒಟ್ಟಿಗೇ ಬಿತ್ತು! ಅಷ್ಟು ಜನರ ಕಿವಿಯಲ್ಲೂ ಆ ಟ್ರೆಮೊಲೊ ನಡೆದೇ ಇತ್ತು.

ಚಪ್ಪಾಳೆ ತಡೆಯೋದು ಬೇರೆ ಕೆಲಸ. ಹೊಡೆತ ಆದ ಕೂಡಲೇ ಟಿಂಪನಿಯವರು ಚರ್ಮದ ಮೇಲೆ ಅಂಗೈ ಒತ್ತಬೇಕು, ಗುಂಯ್‌ಗುಡುವುದು ಉಳಿಯಬಾರದು. ಬಿಲ್ಲುಗಳು ಗಾಳಿಯಲ್ಲೇ ಇರಬೇಕು, ಒಂದು ಕೆಳಗಿಳಿದರೂ ಸಭೆ ಮುಗಿಯಿತು ಅಂದುಕೊಳ್ಳುತ್ತದೆ. ನನ್ನ ಎಡಗೈ ಆಗ ಏನು ಮಾಡುತ್ತದೆ ಅನ್ನೋದನ್ನು ಮಾತ್ರ ಇಲ್ಲಿ ಬರೆಯಲ್ಲ, ಅದು ನಮ್ಮವರಿಗಷ್ಟೇ.

ಎರಡನೇ ಕಛೇರಿಯಲ್ಲಿ ಆರೂ ಒಂದೇ ಕೈಯಲ್ಲಿ ಹೊಡೆದ ಹಾಗೆ ಬಿದ್ದವು. ನಡುವೆ ಒಂದು ಕೆಮ್ಮು ಕೂಡ ಇಲ್ಲ. ಆರನೆಯದು ಆದಮೇಲೂ ಎರಡು ಮೂರು ಸೆಕೆಂಡು ಯಾರೂ ಅಲುಗಲಿಲ್ಲ. ಆಮೇಲೆ ಹಿಂದಿನ ಸಾಲಿನಿಂದ ಚಪ್ಪಾಳೆ ಶುರುವಾಯಿತು.